ಮುಂಬಯಿಯಲ್ಲಿ ನಾನು ಕಟ್ಟಿದ ಗಡಿಮನೆ

ದಸರಾ ರಜೆ ಶುರುವಾದ ಮರುದಿನ ನಾನೂ ನನ್ನ ಹೆಂಡತಿ ಶಾರದಾಳೂ ನಮ್ಮೂರು ಶಿರಗುಪ್ಪಿಯಿಂದ ಬೆಳಗಿನ ಬಸ್ಸಿಗೆ ಹೊರಟೆವು. ಮಿರಜದಲ್ಲಿ ಮುಂಬಯಿಗೆ ಹೋಗುವ ಹಗಲು ರೈಲು ಹಿಡಿಯಬೇಕಿತ್ತು. ಮದುವೆಯಾಗಿ ಇಪ್ಪತ್ತೈದು ವರ್ಷವಾದರೂ ಶಾರದಾ ಸಮುದ್ರ ನೋಡಿರಲಿಲ್ಲ. ನಾನು ಪಕ್ಕದ ಕಾಗವಾಡದ ಪ್ರೌಢಶಾಲೆಯಲ್ಲಿ ಭೂಗೋಳ ಕಲಿಸುವವನು. ಅರಬ್ಬೀ ಸಮುದ್ರವನ್ನು ನೀಲಿ ಸೀಮೆಸುಣ್ಣದಲ್ಲಿ ಎಷ್ಟು ಸಲ ಹಲಗೆಯ ಮೇಲೆ ಬರೆದಿದ್ದೇನೋ ನನಗೇ ಗೊತ್ತಿಲ್ಲ, ಮನೆಯವಳಿಗೆ ಮಾತ್ರ ಒಮ್ಮೆಯೂ ತೋರಿಸಿರಲಿಲ್ಲ. ಈ ಪ್ರವಾಸದಲ್ಲಿ ತೋರಿಸಿದೆ. ಅಷ್ಟನ್ನೇ ಬರೆದು ಮುಗಿಸಬಹುದಿತ್ತು. ಆದರೆ ಅದರ ಜೊತೆಗೆ ನಡೆದದ್ದನ್ನು ಬಿಟ್ಟರೆ, ಆಗಲೇ ಹೇಳಿದ ಒಂದು ಸುಳ್ಳಿನ ಮೇಲೆ ಇನ್ನೊಂದನ್ನು ಪೇರಿಸಿದಂತಾಗುತ್ತದೆ.

ರೈಲು ಹನ್ನೊಂದು ತಾಸಿನ ಹಾದಿ. ಕರಾಡ ದಾಟುವ ಹೊತ್ತಿಗೆ ಶಾರದಾ ಬುತ್ತಿ ಬಿಚ್ಚಿದಳು: ಕಟಕ ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ ಪಲ್ಯ. ಎದುರು ಕೂತ ಸಾತಾರದ ಹುಡುಗಿಯರಿಗೂ ಮರಾಠಿಯಲ್ಲಿ ಒತ್ತಾಯ ಮಾಡಿ ತಿನ್ನಿಸಿದಳು. ಖಂಡಾಳದ ಘಾಟಿನಲ್ಲಿ ಸುರಂಗಗಳನ್ನು ಎಣಿಸುತ್ತ ಹೋದವಳು ನಡುವೆ ಲೆಕ್ಕ ತಪ್ಪಿ ನಕ್ಕಳು. ದಾದರಿನಲ್ಲಿ ಇಳಿದಾಗ ರಾತ್ರಿ ಊಟದ ಹೊತ್ತು. ನಿಲ್ದಾಣದ ಹತ್ತಿರದ ಲಾಡ್ಜಿನಲ್ಲಿ ಒಂದು ಕೋಣೆ ಹಿಡಿದೆವು. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ ಕೈಗೆ ತಾಗುವಷ್ಟು ಹತ್ತಿರ.

ಮೊದಲ ದಿನ ಗೇಟ್‌ವೇ ನೋಡಿ, ಅಲ್ಲಿಂದ ದೋಣಿಯಲ್ಲಿ ಎಲಿಫಂಟಾ ಗುಹೆಗಳ ಘಾರಾಪುರಿಗೆ ಹೋದೆವು. ಒಂದು ತಾಸಿನ ದಾರಿ. ದೋಣಿ ದಡ ಬಿಟ್ಟ ಮೇಲೆ ಶಾರದಾ ನನ್ನ ತೋಳು ಹಿಡಿದು ಕೂತು ನೀರನ್ನೇ ನೋಡುತ್ತಿದ್ದಳು. ಆಮೇಲೆ, "ನಮ್ಮ ಕೃಷ್ಣಾ ಹೊಳಿಗೆ ಮಹಾಪೂರ ಬಂದಾಗ ಹಿಂಗ ಇರತೈತಿ. ಆದರ ಅದು ಇಳಿತೈತಿ, ಇದು ಇಳಿಯೂದಿಲ್ಲ" ಎಂದಳು. ನಲವತ್ತು ಮಕ್ಕಳ ತರಗತಿಯಲ್ಲಿ ನಾನು ಸಮುದ್ರದ ಬಗ್ಗೆ ಇಷ್ಟು ಸರಳವಾಗಿ ಎಂದೂ ಹೇಳಿರಲಿಲ್ಲ.

ಸಂಜೆ ಕೊಲಾಬಾದ ರಸ್ತೆಬದಿಯ ಅಂಗಡಿಗಳಲ್ಲಿ ತಿರುಗಾಡಿದೆವು. ಒಂದು ಕಡೆ ಚರ್ಮದ ಚಪ್ಪಲಿಗಳನ್ನು ತೋರಣದಂತೆ ತೂಗುಹಾಕಿದ್ದರು. ಮೇಲೆ ಕೊಲ್ಹಾಪುರಿ ಎಂದು ದೊಡ್ಡ ಅಕ್ಷರ. ಶಾರದಾ ಒಂದು ಜೋಡನ್ನು ಕೈಗೆ ತೆಗೆದುಕೊಂಡು ಹೊಲಿಗೆ ತಿರುಗಿಸಿ ನೋಡಿ, "ರೀ, ಇವು ನಮ್ಮ ಅಥಣಿ ಚಪ್ಪಲ್ ಅಲ್ಲೇನ್ರಿ? ನಮ್ಮ ತವರಮನಿ ಓಣ್ಯಾಗ ಹಿಂಗ ಹೊಲೀತಾರ" ಎಂದು ಗಟ್ಟಿಯಾಗಿಯೇ ಹೇಳಿದಳು. ಅಂಗಡಿಯವನು ನಕ್ಕ. ಪಕ್ಕದಲ್ಲಿ ಇಬ್ಬರು ವಿದೇಶಿಯರು ನಿಂತಿದ್ದರು. ನಾನು, "ಹಗೂರ ಮಾತಾಡ" ಎಂದು ಗದರಿ ಅವಳನ್ನು ಎಳೆದುಕೊಂಡು ಮುಂದೆ ನಡೆದೆ. ಅವಳು ಹೇಳಿದ್ದು ನಿಜವೇ ಆಗಿತ್ತು. ಊರಿನ ಬಗ್ಗೆ ಆಡಿದ ಆ ನಿಜವಾದ ಮಾತಿಗೆ ಅಂದು ನಾಚಿಕೊಂಡೆ. ಮಾರನೆಯ ದಿನ ಊರಿನ ಬಗ್ಗೆ ಸುಳ್ಳು ಹೇಳುವಾಗ ನನಗೆ ಚೂರೂ ನಾಚಿಕೆಯಾಗಲಿಲ್ಲ.

ಎರಡನೆಯ ದಿನ ಮುಂಬಯಿ ದರ್ಶನದ ಬಸ್ಸು ಹತ್ತಿದೆವು. ತಲೆಗೆ ಐದುನೂರು ರೂಪಾಯಿ, ಊಟ ನಮ್ಮದೇ. ನಮ್ಮ ಮುಂದಿನ ಸೀಟಿನಲ್ಲಿ ಮೈಸೂರಿನ ದಂಪತಿಗಳಿದ್ದರು. ಗಂಡ ಕೃಷ್ಣಮೂರ್ತಿ, ಅಂಚೆ ಇಲಾಖೆಯಿಂದ ನಿವೃತ್ತರು. ಹೆಂಡತಿ ವಿಶಾಲಾಕ್ಷಿ, ಅರವತ್ತೈದರ ಹತ್ತಿರದವರು, ಸಣ್ಣ ಮೈಕಟ್ಟು, ದೊಡ್ಡ ಕನ್ನಡಕ. ಆಕೆಯ ಕೈಯಲ್ಲೊಂದು ರಟ್ಟಿನ ನೋಟ್‌ಬುಕ್ಕು. ಹೋದ ಊರುಗಳಲ್ಲಿ ದೊಡ್ಡ ಸ್ಥಳಗಳನ್ನು ಬಿಟ್ಟು, ಯಾರೂ ಬರೆಯದ ವಿಚಿತ್ರಗಳನ್ನಷ್ಟೇ ಅದರಲ್ಲಿ ಬರೆದುಕೊಳ್ಳುತ್ತಿದ್ದರು: ಮರದೊಳಗೆ ಸೇರಿಹೋದ ಅಂಚೆ ಡಬ್ಬಿ, ಹನ್ನೊಂದು ಗಂಟೆಗೇ ನಿಂತುಬಿಟ್ಟ ಗಡಿಯಾರದ ಗೋಪುರ, ಬಾಗಿಲೇ ಇಲ್ಲದ ಒಂದು ಕೋಣೆ. "ಅರಮನೆ ನಮ್ಮೂರಲ್ಲೇ ಇದೆ, ಅದನ್ನೇನು ಬರೀಲಿ" ಎಂದು ನಕ್ಕರು.

ಹಾಜಿ ಅಲಿಯ ಹತ್ತಿರ ಬಸ್ಸು ಮುಕ್ಕಾಲು ತಾಸು ನಿಂತಲ್ಲೇ ನಿಂತಿತು. ಮುಂದೆ ಏನೋ ಅಪಘಾತವಂತೆ. ಸೆಖೆ ತಡೆಯಲಾಗದೆ ಜನ ಗೊಣಗತೊಡಗಿದಾಗ ಗೈಡು ಮೈಕು ಹಿಡಿದು, ಒಬ್ಬೊಬ್ಬರೂ ತಮ್ಮ ಊರಿನ ಒಂದು ವಿಶೇಷ ಹೇಳಬೇಕೆಂದ. ಒಬ್ಬರು ಕೋಟೆ ಎಂದರು, ಇನ್ನೊಬ್ಬರು ಜಲಪಾತ, ಮತ್ತೊಬ್ಬರು ಸಾವಿರ ವರ್ಷದ ಗುಡಿ. ನನ್ನ ಸರದಿ ಬಂದಾಗ, ಶಿರಗುಪ್ಪಿಯನ್ನು ಯಾರು ಬಲ್ಲರೆಂದು ಕಾಗವಾಡ ಎಂದೆ. ಗೈಡಿಗೆ ಕೇಳಿಸಲಿಲ್ಲ. ಎರಡನೆಯ ಸಲ ಹೇಳಿದೆ. "ಅಚ್ಛಾ, ಸಾಂಗಲಿ ಜವಳ್! ತುಮಚ್ಯಾಕಡೆ ಬಘಾಯ್ಲಾ ಕಾಯ್ ಆಹೆ?" ಎಂದ. ಸಾಂಗಲಿಯ ಹತ್ತಿರವೋ, ನಿಮ್ಮ ಕಡೆ ನೋಡುವಂಥದ್ದು ಏನಿದೆ ಎಂದು. ಹಿಂದಿನಿಂದ ಯಾರೋ "ಊಸ್!" ಎಂದು ಕೂಗಿದರು. ಕಬ್ಬು ಎಂದರ್ಥ. ಬಸ್ಸೆಲ್ಲ ನಕ್ಕಿತು.

ಆಗ ನಾನು ಹೇಳಬಹುದಾದದ್ದು ಬಹಳ ಇತ್ತು. ಕಾಗವಾಡದಲ್ಲಿ ನೆಲದೊಳಗೆ ಇಳಿದು ನೋಡಬೇಕಾದ ಹಳೆಯ ಬಸದಿ ಇದೆ. ಇಡೀ ದೇಶ ಬೇರೊಂದು ಊರಿನ ಹೆಸರಿನಲ್ಲಿ ಮೆಟ್ಟುವ ಚಪ್ಪಲಿ ಹೊಲಿಯುವ ಅಥಣಿ ಇದೆ. ಕಾಲಿಟ್ಟ ಕೂಡಲೇ ಸೀನು ಬರುವ ನಿಪ್ಪಾಣಿಯ ತಂಬಾಕಿನ ಪೇಟೆ ಇದೆ. ಆದರೆ ಆ ಬಸದಿಗೆ ನಾನು ಒಮ್ಮೆಯೂ ಇಳಿದಿರಲಿಲ್ಲ. ಚಪ್ಪಲಿಯ ವಿಷಯಕ್ಕೆ ಹಿಂದಿನ ದಿನವಷ್ಟೇ ಹೆಂಡತಿಯ ಬಾಯಿ ಮುಚ್ಚಿಸಿದ್ದೆ. ನಗು ಇನ್ನೂ ನಿಂತಿರಲಿಲ್ಲ. ಮೈಕು ನನ್ನ ಬಾಯಿಯ ಮುಂದಿತ್ತು.

"ನಮ್ಮಲ್ಲಿ ಒಂದು ಮನೆ ಇದೆ. ಎರಡು ರಾಜ್ಯಗಳ ಗಡಿ ಅದರ ನಡುವೆ ಹಾದುಹೋಗಿದೆ. ಅಡುಗೆಮನೆ ಕರ್ನಾಟಕದಲ್ಲಿ, ಪಡಸಾಲೆ ಮಹಾರಾಷ್ಟ್ರದಲ್ಲಿ. ಮನೆಯ ಅಜ್ಜಿ ಅಡುಗೆ ಮಾಡುವುದು ಕನ್ನಡನಾಡಿನಲ್ಲಿ, ಉಣ್ಣುವುದು ಮರಾಠಿ ನಾಡಿನಲ್ಲಿ."

ನಗು ನಿಂತು ಚಪ್ಪಾಳೆ ಬಿತ್ತು. ನಾನು ಮರಾಠಿಯಲ್ಲಿ ಹೇಳಿದ್ದನ್ನು ಗೈಡು ಹಿಂದಿಯಲ್ಲಿ ಮತ್ತೊಮ್ಮೆ ಹೇಳಿದ. ವಿಶಾಲಾಕ್ಷಿಯವರು ಇಡೀ ಮೈ ತಿರುಗಿಸಿ ಕೂತು, "ಅಜ್ಜಿ ಇನ್ನೂ ಇದ್ದಾರಾ? ಹೆಸರೇನು?" ಎಂದು ಪೆನ್ನು ತೆಗೆದರು. "ಗಂಗವ್ವ" ಎಂದೆ. ಅಂಥ ಗಂಗವ್ವ ಯಾರೂ ಇರಲಿಲ್ಲ, ಅಂಥ ಮನೆಯೂ ಇರಲಿಲ್ಲ. ಪಕ್ಕದಲ್ಲಿ ಶಾರದಾ ಕಿಟಕಿಯ ಹೊರಗೆ ಕಣ್ಣು ನೆಟ್ಟಿದ್ದಳು. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ, ಇನ್ನೊಂದು ಬಸ್ಸಿನ ಮಗ್ಗುಲಷ್ಟೇ.

ಆಮೇಲೆ ಬಸ್ಸು ಹೊರಟಿತು. ತೂಗುಯ್ಯಾಲೆಯಂತೆ ಕಾಣುವ ಸಮುದ್ರದ ಮೇಲಿನ ಸೇತುವೆ, ಬೆಟ್ಟದ ಮೇಲಿನ ತೋಟ, ಮರೀನ್ ಡ್ರೈವಿನ ಸೂರ್ಯಾಸ್ತ, ಎಲ್ಲ ನೋಡಿದೆವು. ಮರೀನ್ ಡ್ರೈವಿನ ಕಟ್ಟೆಯ ಮೇಲೆ ಕಡಲೆ ತಿನ್ನುತ್ತ ಕೃಷ್ಣಮೂರ್ತಿಯವರು, ತಾವು ನಾಡಿದ್ದು ಕೊಲ್ಹಾಪುರದ ಅಂಬಾಬಾಯಿಯ ದರ್ಶನಕ್ಕೆ ಹೋಗುತ್ತಿರುವುದಾಗಿ ಹೇಳಿದರು. ನಮ್ಮದೂ ಅದೇ ರೈಲು. ವಿಶಾಲಾಕ್ಷಿಯವರು ಮಗುವಿನಂತೆ ಗಂಡನ ತೋಳು ಅಲುಗಿಸಿ, "ರೀ, ಒಂದು ದಿನ ಮಿರಜದಲ್ಲಿ ಇಳಿದು ಗಂಗವ್ವನ್ನ ನೋಡ್ಕೊಂಡು ಹೋಗೋಣ. ಇಂಥದು ನನ್ನ ಪುಸ್ತಕದಲ್ಲಿ ಒಂದೂ ಇಲ್ಲ" ಎಂದರು.

ರಸ್ತೆ ಹದಗೆಟ್ಟಿದೆ ಎಂದೆ. ಬಿಸಿಲು ಹೆಚ್ಚು ಎಂದೆ. ಅವರ ಮೊಣಕಾಲಿಗೆ ಕಷ್ಟವಾದೀತು ಎಂದೆ. ಕೃಷ್ಣಮೂರ್ತಿ, "ಇವಳು ಅಂದುಕೊಂಡರೆ ಮುಗೀತು ಮೇಷ್ಟ್ರೇ" ಎಂದು ನಕ್ಕರು. ಹಾಗಾದರೆ ನಮ್ಮ ಮನೆಯಲ್ಲೇ ಉಳಿಯಬೇಕು ಎಂದು ನಾನೇ ಆಹ್ವಾನ ಕೊಟ್ಟೆ. ಕೊಡದೆ ಇರಲಾಗಲಿಲ್ಲ.

ಕೋಣೆಗೆ ಬಂದ ಮೇಲೆ ಶಾರದಾ ಒಂದೇ ಮಾತು ಕೇಳಿದಳು: "ಯಾವಾಗ ಖರೇ ಹೇಳಾವ್ರ ನೀವು?"

"ನಾಳೆ ಹೇಳತೀನಿ" ಎಂದೆ.

ಮರುದಿನ ರಾಣಿಬಾಗಿನ ಮೃಗಾಲಯದಲ್ಲಿ ಅವರ ಜೊತೆಗೇ ಪೆಂಗ್ವಿನ್ ನೋಡಿದೆವು. ಹೇಳಲಿಲ್ಲ. ಅದರ ಮರುದಿನ ರೈಲಿನಲ್ಲಿ ಹನ್ನೊಂದು ತಾಸು ಎದುರುಬದುರು ಕೂತೆವು. ಲೋಣಾವಳದಲ್ಲಿ ಚಿಕ್ಕಿ ಕೊಂಡಾಗ ಹೇಳಬೇಕೆಂದುಕೊಂಡೆ. ಪುಣೆ ದಾಟಿತು. ಸಾತಾರದಲ್ಲಿ ವಿಶಾಲಾಕ್ಷಿ ನೋಟ್‌ಬುಕ್ಕು ತೆರೆದು, ಗಂಗವ್ವನ ಮನೆಗೆ ಒಂದು ಪೂರ್ತಿ ಪುಟ ಬಿಟ್ಟಿರುವುದನ್ನು ತೋರಿಸಿದರು. ಚಿತ್ರ ಅಂಟಿಸಲು ಚೌಕವನ್ನೂ ಗೆರೆ ಹೊಡೆದಿದ್ದರು. ಆ ಚೌಕ ನೋಡಿ ನಾನು ಕಿಟಕಿಯ ಕಡೆ ತಿರುಗಿ ಕೂತೆ. ಮಿರಜದಲ್ಲಿ ಇಳಿದು ಬಾಡಿಗೆ ಗಾಡಿಯಲ್ಲಿ ಮನೆ ಸೇರಿದೆವು. ಶಾರದಾ ಬಿಸಿ ರೊಟ್ಟಿ ಬಡಿದು, ಝುಣಕ ಮಾಡಿ ಬಡಿಸಿದಳು. ಇಬ್ಬರೂ ಹೊಗಳಿ ಹೊಗಳಿ ಉಂಡರು.

ಬೆಳಗ್ಗೆ ಅತಿಥಿಗಳು ಏಳುವ ಮೊದಲೇ ಮೋಟಾರ್‌ಸೈಕಲ್ ಹೊರತೆಗೆದೆ. ಎಲ್ಲಿಗೆಂದು ಶಾರದಾಳಿಗೆ ಅರ್ಥವಾಯಿತು. "ನಿಮ್ಮ ಸುಳ್ಳಿಗೆ ನಾ ರೊಟ್ಟಿ ಬಡದೀನಿ, ಅಷ್ಟ ಸಾಕ್ರಿ. ಅಲ್ಲಿಗೆ ನಾ ಬರೂದಿಲ್ಲ" ಎಂದಳು.

ಕಾಗವಾಡ ದಾಟಿ ಮ್ಹೈಸಾಳದ ಕಡೆ ಹೋಗುವ ರಸ್ತೆಯಲ್ಲಿ, ಗಡಿಗಿಂತ ಇನ್ನೂರು ಹೆಜ್ಜೆ ಈಚೆಗೆ ಹೌಸಾಬಾಯಿಯ ಮನೆ ಇದೆ. ತಗಡಿನ ಮಾಡಿನ ಎರಡು ಕೋಣೆ. ಎಪ್ಪತ್ತರ ಹತ್ತಿರದ ಆಕೆ ಅಲ್ಲೇ ಸಮೀಪದ ನಮ್ಮ ದ್ರಾಕ್ಷಿ ತೋಟಕ್ಕೆ ಹದಿನೆಂಟು ವರ್ಷಗಳಿಂದ ಕೆಲಸಕ್ಕೆ ಬರುತ್ತಾಳೆ. ಗಂಡ ತೀರಿಕೊಂಡಿದ್ದಾನೆ. ನನ್ನ ಶಾಲೆಯಲ್ಲೇ ಓದಿದ ಮೊಮ್ಮಗಳು ಈಗ ಮಿರಜದಲ್ಲಿ ನರ್ಸು. ಆಕೆ ಅಂಗಳ ಗುಡಿಸುತ್ತಿದ್ದಳು. ನಾನು ಗಾಡಿಯಿಂದ ಇಳಿಯದೆ ಕೂತಲ್ಲಿಂದಲೇ ವಿಷಯ ಹೇಳಿದೆ.

"ನಮ್ಮ ಮನಿ ಪೂರಾ ಕರ್ನಾಟಕದಾಗ ಐತಲ್ರಿ ಸರ" ಎಂದಳು ಆಕೆ, ನನಗೇನೋ ಮರೆತುಹೋಗಿದೆ ಎನ್ನುವಂತೆ. "ರೇಷನ್ ಕಾರ್ಡ ಇಲ್ಲೀದ ಐತಿ."

"ಗೊತ್ತೈತಿ ಹೌಸವ್ವ. ಒಂದ ಹತ್ತ ನಿಮಿಷದ ಮಾತು. ಅವರು ನೋಡಿ ಹೋಗತಾರ. ಹೆಸರ ಕೇಳಿದ್ರ ಗಂಗವ್ವ ಅನ್ನು."

"ಹೆಸರೂ ಬ್ಯಾರೇನ್ರಿ?" ಆಕೆ ಪೊರಕೆಯನ್ನು ಗೋಡೆಗೆ ಒರಗಿಸಿದಳು. "ಆಗಲಿ ಬಿಡ್ರಿ. ಕಲಿಸೋ ಮಾಸ್ತರ ನೀವು. ಏನೋ ಕಾರಣ ಇರತೈತಿ."

ಒಂಬತ್ತು ಗಂಟೆಗೆ ಅತಿಥಿಗಳನ್ನು ಬಾಡಿಗೆ ಗಾಡಿಯಲ್ಲಿ ಕರೆದುಕೊಂಡು ಹೋದೆ. ಹೌಸಾಬಾಯಿ ಒಗೆದ ಹಸಿರು ಸೀರೆ ಉಟ್ಟು, ಅಂಗಳಕ್ಕೆ ನೀರು ಹಾಕಿ ಕಾಯುತ್ತಿದ್ದಳು. ವಿಶಾಲಾಕ್ಷಿಯವರು ಆಕೆಯ ಎರಡೂ ಕೈ ಹಿಡಿದು, "ಗಂಗವ್ವಾ, ನಿಮ್ಮನ್ನ ನೋಡಕ್ಕೇ ಬಂದ್ವಿ" ಎಂದರು. ದಂಪತಿಗಳು ತಲೆ ಬಗ್ಗಿಸಿ ಒಳಗೆ ಹೋದರು. ನಾನು ರೂಢಿಯಂತೆ ಹೊಸ್ತಿಲ ಹೊರಗೇ ನಿಂತೆ.

"ನೀವೂ ಬರ್ರಿ ಸರ" ಎಂದಳು ಹೌಸಾಬಾಯಿ. "ಹದಿನೆಂಟ ವರ್ಷಾತು ನಿಮ್ಮ ತ್ವಾಟಕ್ಕ ಬರಾಕತ್ತು. ನಮ್ಮ ಮನಿ ಒಳಗ ಹೆಂಗೈತಿ ನೀವು ನೋಡೇ ಇಲ್ಲ."

ಚುಚ್ಚಬೇಕೆಂದು ಆಡಿದ ಮಾತಲ್ಲ ಅದು, ಮನೆಗೆ ಬಂದವರನ್ನು ಕರೆಯುವ ಮಾತು. ಆದರೆ ಕೃಷ್ಣಮೂರ್ತಿಯವರು ನನ್ನತ್ತ ತಿರುಗಿ ನೋಡಿದರು. ಒಳಗೆ ಹೋದೆ. ಗೋಡೆಯ ಮೇಲೆ ಬುದ್ಧನ ಚಿತ್ರ, ಅದರ ಕೆಳಗೆ ಕಟ್ಟು ಹಾಕಿಸಿದ ಮೊಮ್ಮಗಳ ಸರ್ಟಿಫಿಕೇಟು. ಹೌಸಾಬಾಯಿ ಆಗಲೇ ಮಾಡಿಟ್ಟಿದ್ದ ಚಹಾವನ್ನು ಸ್ಟೀಲಿನ ಲೋಟಗಳಲ್ಲಿ ಕೊಟ್ಟಳು. ನಮ್ಮ ತೋಟದ ಶೆಡ್ಡಿನಲ್ಲಿ ಆಕೆಯ ಕಪ್ಪು ಬೇರೆ ಇದೆ, ಕಂಬದ ಮೊಳೆಗೆ ತೂಗುಹಾಕಿರುತ್ತದೆ. ನಮ್ಮ ಅಪ್ಪನ ಕಾಲದ ರೂಢಿ ಎಂದು ನಾನು ಸುಮ್ಮನಿದ್ದುಬಿಟ್ಟಿದ್ದೆ. ಅಪ್ಪ ಹೋಗಿ ಒಂಬತ್ತು ವರ್ಷವಾಯಿತು, ಆ ಮೊಳೆ ಅಲ್ಲೇ ಇದೆ. ಈಗ ಆಕೆಯ ಮನೆಯ ಲೋಟ ನನ್ನ ಕೈಯಲ್ಲಿತ್ತು. ಕುಡಿದೆ. ಶುಂಠಿ ಹಾಕಿದ್ದಳು, ಚೆನ್ನಾಗಿತ್ತು.

"ಗೆರೆ ಎಲ್ಲಿ ಬರುತ್ತೆ?" ಎಂದರು ಕೃಷ್ಣಮೂರ್ತಿ. ನಾನು ಎರಡು ಕೋಣೆಗಳ ನಡುವಿನ ಗೋಡೆ ತೋರಿಸಿದೆ. ಹೌಸಾಬಾಯಿ, ನಾನು ಹೇಳಿಕೊಟ್ಟಂತೆ, "ಅಲ್ಲಿ ಅಡಗಿ ಮಾಡತೀನ್ರಿ ಬಾಯಾರ, ಇಲ್ಲಿ ಕುಂತ ಉಣ್ಣತೀನಿ" ಎಂದಳು. ಚಿತ್ರ ತೆಗೆಯಲು ಆಕೆ ತಟ್ಟೆ ಹಿಡಿದು ಕೂರಬೇಕೆಂದು ವಿಶಾಲಾಕ್ಷಿ ಕೇಳಿಕೊಂಡರು. ಹೌಸಾಬಾಯಿ ಹಿಂದಿನ ದಿನದ ಅರ್ಧ ರೊಟ್ಟಿಯನ್ನು ತಟ್ಟೆಗೆ ಹಾಕಿಕೊಂಡು ಕೂತಳು. ಸೆರಗು ಸರಿಮಾಡಿಕೊಂಡಳು. ಅಷ್ಟರಲ್ಲಿ ಹೊರಗಿನಿಂದ ನೆರೆಮನೆಯ ಹೆಂಗಸಿನ ಕೂಗು ಬಂತು:

"ಹೌಸಕ್ಕಾ! ನಳಾ ಬಂತ ನೋಡ, ಕೊಡ ತಗೊಂಡ ಬಾ!"

ಆಕೆ ಅಲುಗಲಿಲ್ಲ. ನಮ್ಮ ಕಡೆ ನಲ್ಲಿಯ ನೀರು ಎರಡು ದಿನಕ್ಕೊಮ್ಮೆ ಬರುತ್ತದೆ, ಅದೂ ಸ್ವಲ್ಪ ಹೊತ್ತು. ಎರಡನೆಯ ಕೂಗು ಬಂತು. "ಹೌಸಕ್ಕಾ, ಏನ ಮಾಡಾಕತ್ತೀ? ನಿಂತ ಹೊಕ್ಕಾವ ನೀರು!" ಹೌಸಾಬಾಯಿ ತಟ್ಟೆಯನ್ನೇ ನೋಡುತ್ತಿದ್ದಳು. ಬಾಗಿಲ ಬಳಿ ಎರಡು ಖಾಲಿ ಕೊಡಗಳಿದ್ದವು.

"ಯಾರನ್ನೋ ಕರೀತಿದ್ದಾರಲ್ಲ, ಯಾರು ಹೌಸಕ್ಕ?" ಎಂದರು ವಿಶಾಲಾಕ್ಷಿ.

"ಬಾಜೂ ಮನಿಯಾಕಿ ಇರಬೇಕ್ರಿ" ಎಂದಳು ಹೌಸಾಬಾಯಿ.

ಮೂರನೆಯ ಕೂಗಿಗೆ ನನ್ನಿಂದ ಆಗಲಿಲ್ಲ. "ಇವರೇ ಹೌಸಾಬಾಯಿ" ಎಂದೆ. "ಗಂಗವ್ವ ಅಂತ ಯಾರೂ ಇಲ್ಲ. ಈ ಮನೆ ಪೂರ್ತಿ ಕರ್ನಾಟಕದಲ್ಲೇ ಇದೆ. ಬಸ್ಸಿನಲ್ಲಿ ನಾನು ಹೇಳಿದ್ದು ಸುಳ್ಳು. ಇವತ್ತು ಬೆಳಗ್ಗೆ ಬಂದು ಇವರ ಕೈಯಲ್ಲೂ ಅದನ್ನೇ ಹೇಳಿಸಿದೆ."

ಮೊದಲು ಎದ್ದವಳು ಹೌಸಾಬಾಯಿ. ತಟ್ಟೆಯನ್ನು ಒಲೆಯ ಹತ್ತಿರ ಇಟ್ಟು ಬಂದು ನನ್ನೆದುರು ನಿಂತಳು. ಹದಿನೆಂಟು ವರ್ಷಗಳಲ್ಲಿ ಆಕೆ ನನ್ನ ಮುಖವನ್ನು ಹಾಗೆ ನೇರವಾಗಿ ನೋಡಿದ್ದು ನನಗೆ ನೆನಪಿಲ್ಲ.

"ನಿಮ್ಮ ಮಾತ ಉಳೀಲಿ ಅಂತ ನಾ ಸುಳ್ಳ ಹೇಳಿದ್ನಿ. ಈಗ ಖರೇ ಹೇಳಿ ನೀವು ಶಾಣ್ಯಾ ಆದ್ರಿ. ಈ ಬಾಯಾರ ಮುಂದ ನಾ ಏನಾದ್ನಿರಿ ಸರ?"

ಒಂದು ಕೊಡವನ್ನು ಸೊಂಟಕ್ಕೇರಿಸಿಕೊಂಡು ಹೊರಟಳು. ವಿಶಾಲಾಕ್ಷಿಯವರು ನೋಟ್‌ಬುಕ್ಕನ್ನು ಗಂಡನ ಕೈಗೆ ಕೊಟ್ಟು, ಇನ್ನೊಂದು ಕೊಡ ಎತ್ತಿಕೊಂಡು ಆಕೆಯ ಹಿಂದೆ ನಡೆದರು. ಕಿಟಕಿಯಿಂದ ನನಗೆ ನಲ್ಲಿ ಕಾಣುತ್ತಿತ್ತು. ನೀರು ದಾರದಷ್ಟು ಸಣ್ಣಗಾಗಿತ್ತು. ಇಬ್ಬರೂ ಬಗ್ಗಿ ನಿಂತು ಏನೋ ಮಾತಾಡುತ್ತಿದ್ದರು. ಏನೆಂದು ಕೇಳಿಸಲಿಲ್ಲ. ನನಗದು ಇಂದಿಗೂ ಗೊತ್ತಿಲ್ಲ.

"ಊರಿನ ಅಭಿಮಾನ, ಹೋಗಲಿ ಬಿಡಿ ಮೇಷ್ಟ್ರೇ" ಎಂದರು ಕೃಷ್ಣಮೂರ್ತಿ. ಅವರು ಬೈದಿದ್ದರೆ ಹಗುರಾಗುತ್ತಿತ್ತು. ಅದು ಅಭಿಮಾನವಾಗಿದ್ದರೆ ನಾನು ಬಸದಿಯ ಹೆಸರು ಹೇಳುತ್ತಿದ್ದೆ.

ಒಂದೂವರೆ ಕೊಡ ನೀರು ಸಿಕ್ಕಿತು. ವಿಶಾಲಾಕ್ಷಿಯವರ ಸೀರೆಯ ಅಂಚು ನೆನೆದಿತ್ತು. ಒಳಗೆ ಬಂದವರು ಗಂಡನ ಕೈಯಿಂದ ನೋಟ್‌ಬುಕ್ಕು ತೆಗೆದು ಗಂಗವ್ವನ ಹೆಸರಿಗೆ ಗೆರೆ ಎಳೆದರು. "ನಿಮ್ಮ ಪೂರ್ತಿ ಹೆಸರು ಹೇಳಿ ಅಮ್ಮ" ಎಂದು ಕೇಳಿ, ಹೌಸಾಬಾಯಿ ಹೇಳಿದಂತೆ ಬರೆದುಕೊಂಡರು. ಚಿತ್ರವನ್ನೂ ಬೇರೆ ತೆಗೆದರು. ತಟ್ಟೆಯಿಲ್ಲದೆ, ಮೊಮ್ಮಗಳ ಸರ್ಟಿಫಿಕೇಟಿನ ಪಕ್ಕದಲ್ಲಿ ನಿಂತದ್ದು.

ಹೊರಡುವ ಮೊದಲು ಅವರಿಗೆ ಕಾಗವಾಡದ ಬಸದಿ ತೋರಿಸಿದೆ. ಕೇಳಿದ್ದು ವಿಶಾಲಾಕ್ಷಿಯವರೇ: "ನೋಡುವಂಥದ್ದು ನಿಜವಾಗಿ ಏನಾದರೂ ಇದೆಯೇ?" ಕಿರಿದಾದ ಮೆಟ್ಟಿಲು ಇಳಿದು ಹೋದೆವು. ಒಳಗೆ ತಂಪು, ಎಣ್ಣೆಯ ವಾಸನೆ. ಅವರು ಕೇಳಿದ ಯಾವ ಪ್ರಶ್ನೆಗೂ ನನ್ನಲ್ಲಿ ಉತ್ತರವಿರಲಿಲ್ಲ. ನಾನೂ ಮೊದಲ ಸಲ ನೋಡುತ್ತಿದ್ದೇನೆ ಎಂದು ಹೇಳಿದೆ. ಅದೊಂದನ್ನಾದರೂ ನಿಜ ಹೇಳಿದೆ.

ಕೊಲ್ಹಾಪುರಕ್ಕೆ ಹೋಗುವ ಹನ್ನೊಂದೂವರೆಯ ಬಸ್ಸಿಗೆ ಅವರನ್ನು ಹತ್ತಿಸಿದೆ. ಕೃಷ್ಣಮೂರ್ತಿ ಕೈ ಬೀಸಿದರು. ವಿಶಾಲಾಕ್ಷಿ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಶಾರದಾ ಅವರಿಗೆ ರೊಟ್ಟಿ ಚೆನ್ನಾಗಿತ್ತು ಅಂತ ಹೇಳಿ" ಎಂದರು. ಬಸ್ಸು ಗಣೇಶವಾಡಿಯ ಕಡೆ ತಿರುಗಿತು. ಆಕೆ ಹಿಂತಿರುಗಿ ನೋಡಲಿಲ್ಲ.

ಮರುದಿನದಿಂದ ಹೌಸಾಬಾಯಿ ತೋಟಕ್ಕೆ ಬರಲಿಲ್ಲ. ಬೇರೆಯವರ ಹೊಲಕ್ಕೆ ಹೋಗುತ್ತಿದ್ದಾಳೆಂದು ತಿಳಿಯಿತು. ನಾಲ್ಕನೆಯ ದಿನ ಮಧ್ಯಾಹ್ನ ನಾನು ತೋಟದಿಂದ ನಡೆದುಕೊಂಡೇ ಆಕೆಯ ಮನೆಗೆ ಹೋದೆ. ಆಕೆ ಮೊರದಲ್ಲಿ ಜೋಳ ಹಾಕಿಕೊಂಡು ಹಳ್ಳು, ಅಂದರೆ ಸಣ್ಣ ಕಲ್ಲು, ಆರಿಸುತ್ತಿದ್ದಳು. "ನಂದ ತಪ್ಪಾತು ಹೌಸವ್ವ" ಎಂದೆ. ಆಕೆ ತಲೆ ಎತ್ತಲಿಲ್ಲ. ನಾನು ಬಾಗಿಲಲ್ಲಿ ನಿಂತೇ ಇದ್ದೆ.

"ಬರೂದಿದ್ರ ಒಳಗ ಬರ್ರಿ, ಇಲ್ಲಂದ್ರ ಸರೀರಿ" ಎಂದಳು ಕೊನೆಗೆ. "ಬೆಳಕಿಗೆ ಅಡ್ಡ ನಿಂತೀರಿ. ಹಳ್ಳ ಕಾಣವಲ್ವು."

ಚಪ್ಪಲಿ ಬಿಟ್ಟು ಒಳಗೆ ಹೋಗಿ ನೆಲದ ಮೇಲೆ ಕೂತೆ. ಆಕೆ ಜೋಳ ಆರಿಸುತ್ತಲೇ ಇದ್ದಳು. ಚಹಾ ಕೊಡಲಿಲ್ಲ. ಏಳು ಎಂದೂ ಹೇಳಲಿಲ್ಲ.